ತಾಳಿಯನ್ನು ಎಳೆಯದ ಅಯಸ್ಕಾಂತ

ಜಿನೀವಾ, ಮಂಗಳವಾರ

ತ್ಯಾಮಗೊಂಡ್ಲುವಿನ ಅತ್ತೆಗೆ ಸೊಸೆ ಅರ್ಪಿತಾಳ ನಮಸ್ಕಾರ.

ಬದುಕಿಕೊಂಡೆ ಅತ್ತೆ! “ಏನೇ ಆದ್ರೂ ತಾಳಿ ಮಾತ್ರ ಬಿಚ್ಬೇಡ ಕಣಮ್ಮಾ” ಅಂದಿದ್ದಿರಲ್ಲ, ಬಿಚ್ಚಬೇಕಾಗಲಿಲ್ಲ. ಇಲ್ಲಿನ ಯಂತ್ರದ ಅಯಸ್ಕಾಂತ ಎಷ್ಟೇ ದೊಡ್ಡದಾದರೂ ಚಿನ್ನವನ್ನು ಎಳೆಯುವುದಿಲ್ಲ. ಸರದಲ್ಲಿದ್ದ ನಾಲ್ಕು ಪಿನ್ನು ಮಾತ್ರ ಬಾಗಿಲಲ್ಲಿ ತೆಗೆದಿಟ್ಟು ಕೇಬಲ್ ಕೆಲಸಕ್ಕೆ ಇಳಿದೆ. ನೆಲದಡಿಯಲ್ಲಿ ನೆಲಮಂಗಲದ ಗೋಡೌನಿನಷ್ಟು ದೊಡ್ಡ ಯಂತ್ರ. ಅದರೊಳಗೆ ಡಿಕ್ಕಿಯಾಗಿ ಚಿಮ್ಮುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ದಾರಿಯನ್ನು ಅಯಸ್ಕಾಂತ ಬಾಗಿಸುತ್ತದೆ. ಕಡಿಮೆ ಬಾಗಿದ ಕಣಕ್ಕೆ ರಭಸ ಹೆಚ್ಚು ಎಂದು ಗುರುತಿಸುತ್ತಾರೆ.

ಹತ್ತಿರ ಹೋದೆ ನೋಡಿ, ನನ್ನ ಸ್ವೆಟರಿನ ಅಂಚು ತಾನಾಗಿಯೇ ಯಂತ್ರದ ಕಡೆಗೆ ಎದ್ದು ನಿಂತಿತು! ಮಡಿಕೆಯೊಳಗೆ ಅರಿಶಿನದ ದಾರ ಸುತ್ತಿದ ಐದನೇ ಪಿನ್ನು. ದೃಷ್ಟಿಯಾಗದಿರಲೆಂದು ಸಿಕ್ಕಿಸಿದ್ದು ಯಾರೆಂದು ಕೇಳುವುದಿಲ್ಲ.

ನೀವು ಕೇಳಿದ್ದ ನನ್ನ ಕೆಮ್ಮು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಹೊರಗೆ ಬಂದ ಮೇಲೆ ಪಿನ್ನನ್ನು ಮತ್ತೆ ಅಲ್ಲೇ ಸಿಕ್ಕಿಸಿಕೊಂಡೆ.