ಬದುಕಿರುವಾಗಲೇ ನೆನಪಿನ ಸಭೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಚುಕ್ಕಾಣಿಯವರೇ,

ಇಷ್ಟು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡಿ. ನಿಮ್ಮ ಗೆಳೆಯರು ಇದ್ದಾರೆ. ಒಳಗಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಆ ಸದ್ದು ನಿಂತರೆ ಈ ಕಾಗದವೂ ನಿಲ್ಲುತ್ತದೆ, ಯಾಕೆಂದರೆ ನಿಮಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ವಿಷಯ ಏನೆಂದರೆ, ಬರುವ ಭಾನುವಾರ ನಮ್ಮ ಪಂಪು ಕಾರ್ಖಾನೆಯ ಅಂಗಳದಲ್ಲಿ ಅವರ ನೆನಪಿನ ಸಭೆ. ಹೌದು, ಬದುಕಿರುವವರದೇ! ಸತ್ತ ಮೇಲೆ ಹೊಗಳಿದರೆ ನನ್ನ ಕಿವಿಗೇನು ಬಂತು, ತಪ್ಪು ಹೇಳಿದರೆ ತಿದ್ದೋರು ಯಾರು, ಒಂದು ಪಂಪನ್ನೂ ಓಡಿಸಿ ನೋಡದೆ ಹೊರಗೆ ಕಳಿಸಿದವನಲ್ಲ ನಾನು, ಇದನ್ನೂ ಒಮ್ಮೆ ಓಡಿಸಿ ನೋಡೋಣ ಅಂತ ಹಟ ಹಿಡಿದಿದ್ದಾರೆ. ಭಾನುವಾರಕ್ಕೇ ಯಾಕಿಷ್ಟು ಅವಸರ ಅಂತ ಕೇಳಬೇಡಿ. ಮುದುಕರ ಹಟ ಅಂದುಕೊಳ್ಳಿ.

ನಿನ್ನೆ ಊಟವಾದ ಮೇಲೆ ತಾಲೀಮು ನಡೆಯಿತು. ಚಿಕ್ಕ ಮಗಳು ಜಡೆಯ ಕಥೆ ಓದಿದಳು. ಶಾಲೆಗೆ ಹೊರಡುವಾಗ ಇಬ್ಬರಿಗೂ ಜಡೆ ಹಾಕುವ ಕೆಲಸ ಅಪ್ಪನದೇ ಆಗಿತ್ತಲ್ಲ? ಹಡಗಿನ ಹಗ್ಗ ಹೆಣೆದ ಕೈ. ಎಷ್ಟು ಬಿಗಿ ಅಂದರೆ ಹುಡುಗಿಯರ ಹುಬ್ಬು ಮಧ್ಯಾಹ್ನದವರೆಗೂ ಮೇಲೆಯೇ ಇರುತ್ತಿತ್ತು. ಈ ಮಕ್ಕಳಿಗೆ ಯಾವ ಪಾಠ ಮಾಡಿದರೂ ಆಶ್ಚರ್ಯವೇ ಎಂದು ಪಾಪ, ಮೇಷ್ಟ್ರು ಖುಷಿಪಟ್ಟಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವರೂ ನಕ್ಕರು.

ಆಮೇಲೆ ದೊಡ್ಡವಳ ಸರದಿ. ಕಾರ್ಖಾನೆಗೆ ಈಗ ಅವಳದೇ ಉಸ್ತುವಾರಿ. ಅವಳು ಯುದ್ಧದ ಭಾಗ ಬರೆದಿದ್ದಳು. ನಡುಗಡಲಲ್ಲಿ ಪಂಪು ಕೆಟ್ಟು ಎಂಜಿನ್ ನಿಂತದ್ದು, ಯಾರಿಗಾಗಿಯೂ ಕಾಯಕೂಡದೆಂಬ ಅಪ್ಪಣೆಯಿದ್ದುದರಿಂದ ಜೊತೆಯ ಹಡಗುಗಳೆಲ್ಲ ಮುಂದೆ ಹೋದದ್ದು, ಅಪ್ಪ ಅಡುಗೆಯವನ ತರಕಾರಿ ಹೆಚ್ಚುವ ಮರದ ದಿಮ್ಮಿ ಕಿತ್ತುಕೊಂಡು, ಅದನ್ನೇ ಕೊರೆದು ಸವೆದ ಬೇರಿಂಗಿನ ಜಾಗದಲ್ಲಿ ಕೂರಿಸಿ ಹಡಗು ಓಡಿಸಿದ್ದು, ದಡ ಮುಟ್ಟುವವರೆಗೂ ಅಡುಗೆಯವನು ಮಾತು ಬಿಟ್ಟದ್ದು. ನಾವು ಚಪ್ಪಾಳೆ ತಟ್ಟಿದರೆ ಇವರು ಕೆಂಡಾಮಂಡಲ. ಒಬ್ಬನೇ ಕೊರೆದೆ ಅಂತ ಯಾರು ಹೇಳಿದ್ದು, ಎಂಜಿನ್ನೇ ನಿಂತ ಮೇಲೆ ಚುಕ್ಕಾಣಿ ಹಿಡಿದು ಏನು ಮಾಡಲಿ ಅಂತ ಕೆಳಗಿಳಿದು ಬಂದು ದಿಮ್ಮಿ ಹಿಡಿದು ಕೂತವನು ಯಾರು, ಅವನ ಕೈ ಒಂದು ಸಲ ನಡುಗಿದ್ದರೆ ನಾವೆಲ್ಲ ಮೀನಿನ ಪಾಲಾಗುತ್ತಿದ್ದೆವು ಅಂದರು. ಹಾಗಾದರೆ ಚುಕ್ಕಾಣಿ ಚಿಕ್ಕಪ್ಪನನ್ನೂ ಕರೆಯೋಣವೇ ಅಂತ ಮಗಳು ಕೇಳಿದಳು. ಇವರು ಕನ್ನಡಕ ಒರೆಸುತ್ತ ಕೂತರು.

ನೀವೋ, ಅವನೊಬ್ಬನೇ ಹಡಗು ಉಳಿಸಿದ ಅಂತ ಮನೆ ಮನೆಗೂ ಹೇಳಿಕೊಂಡೇ ಪಂಪು ಮಾರಿದವರು. ನಿಮ್ಮಿಬ್ಬರಲ್ಲಿ ನಾನು ಯಾರನ್ನು ನಂಬಲಿ? ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಅವರು ಮಾಡಿದರು, ನೀವು ಮಾರಿದಿರಿ. ಇನ್ನೂ ಹುಟ್ಟದ ಪಂಪನ್ನೂ ಮಾರಿ ಬರುತ್ತಿದ್ದಿರಿ, ಅದು ಬೇರೆ ಮಾತು!

ಜಗಳದ ವಿಷಯ ಎತ್ತಬಾರದು ಅಂದುಕೊಂಡಿದ್ದೆ, ಆದರೆ ಎತ್ತದೆ ನೀವು ಬರುವವರಲ್ಲ. ಆ ದೊಡ್ಡ ಆರ್ಡರು ನೀವೇ ಓಡಾಡಿ ತಂದದ್ದು. ಎರಡು ಪಾಳಿ ನಡೆಸಬೇಕು ಅಂದಿರಿ. ಐದು ಗಂಟೆಗೆ ಬಾಗಿಲು ಹಾಕಿ ಮನೆಗೆ ಹೋಗದಿದ್ದರೆ ಸಮುದ್ರ ಬಿಟ್ಟು ಬಂದದ್ದಾದರೂ ಯಾಕೆ ಅಂತ ಅವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆಗ ನೀವು, ನಿನಗಾದರೆ ಸಂಸಾರ ಇದೆ, ನನಗೆ ಈ ಶೆಡ್ಡು ಬಿಟ್ಟರೆ ಯಾರಿದ್ದಾರೆ ಅಂದಿರಿ. ಚಹಾದ ಲೋಟ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ನೀವು ಟೋಪಿ ತೆಗೆದುಕೊಂಡು ಹೊರಟುಹೋದಿರಿ. ನನಗೆ ಇಬ್ಬರ ಮೇಲೂ ಕೋಪ ಬಂದಿತ್ತು, ಈಗಲೂ ಇದೆ. ಎಂಜಿನ್ನಿನ ಯಾವ ಮೂಲೆಯಲ್ಲಿ ಏನು ಕೆಟ್ಟಿದೆ ಅಂತ ಸದ್ದು ಕೇಳಿಯೇ ಹೇಳುವವರಿಗೆ ಎದುರು ನಿಂತ ಮನುಷ್ಯನಿಗೆ ಏನು ಹೇಳಬೇಕು ಅಂತ ಹೊಳೆಯುವುದಿಲ್ಲ ಅಂದರೆ ಏನು ಹೇಳೋಣ? ನೀವಾದರೂ ಇನ್ನೊಂದು ಗಳಿಗೆ ನಿಲ್ಲಬೇಕಿತ್ತು.

ಸಮುದ್ರದ ಭಾಗ ಹೇಳಲು ಅಲ್ಲಿದ್ದವರೇ ಬೇಕು. ನೀವು ಬರದಿದ್ದರೆ ಆ ಭಾಗ ಖಾಲಿ ಬಿಡುತ್ತೇವೆ ಅಂತ ಮಕ್ಕಳಿಬ್ಬರೂ ಅಪ್ಪನ ಎದುರೇ ಹೇಳಿಬಿಟ್ಟಿದ್ದಾರೆ. ಬೇಡ ಅಂತ ಅವರೇನೂ ಅನ್ನಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಭಾಷಣ. ಬನ್ನಿ.

ಅಂಚೆಗೆ ಹಾಕಿದರೆ ತಡವಾಗುತ್ತದೆ, ದೊಡ್ಡವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಹುಬ್ಬು ಈಗ ಸರಿಯಾದ ಜಾಗಕ್ಕೆ ಬಂದಿದೆ, ಗುರುತು ಹಿಡಿಯಿರಿ.

ಇಂತಿ,
ನಿಮ್ಮ ಅತ್ತಿಗೆ
(ಹಾಗೆ ಕರೆಯುವುದನ್ನು ಬಿಟ್ಟವರು ನೀವು, ನಾನಲ್ಲ)

ತಾ.ಕ.: ಗೊರಕೆ ಇನ್ನೂ ಕೇಳುತ್ತಿದೆ, ಅದಕ್ಕೇ ಇದನ್ನೂ ಬರೆದುಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಅವರಿಗೆ ಹೃದಯದ ಆಪರೇಷನ್. ಮಕ್ಕಳನ್ನು ಬಿಟ್ಟು ಯಾರಿಗೂ ಹೇಳಬೇಡ ಅಂದಿದ್ದಾರೆ. ನನಗೆ ಭಯವಾಗಿದೆ, ಅವರಿಗೂ ಆಗಿದೆ. ಆಪರೇಷನ್ ಮುಗಿಯುವವರೆಗೆ ಹೊರಗೆ ಈ ಅಮ್ಮನ ಜೊತೆ ಯಾರಿರ್ತಾರೆ ಅಂತ ಮೊನ್ನೆ ಆಸ್ಪತ್ರೆಯ ನರ್ಸು ನನ್ನನ್ನು ತೋರಿಸಿ ಅವರನ್ನು ಕೇಳಿದಳು. ಮಕ್ಕಳ ಹೆಸರು ಹೇಳುತ್ತಾರೆ ಅಂದುಕೊಂಡೆ. ನನ್ನ ತಮ್ಮ ಬರ್ತಾನೆ ಅಂದರು. ಅವರು ತಾಯಿಗೆ ಒಬ್ಬನೇ ಮಗ ಎನ್ನುವುದು ನಿಮಗೆ ಗೊತ್ತೇ ಇದೆ. ನರ್ಸಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ.