ಚಾಬಣಿಗೆಯ ಹಾಡು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಫೋನ್ ಮಾಡಿದರೆ ನೀನು ಮಾತು ತಿರುಗಿಸುತ್ತೀಯ, ಇಲ್ಲವೇ ನಾನು ಜಗಳಕ್ಕೆ ನಿಲ್ಲುತ್ತೇನೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ಬೈಯುವುದಿದ್ದರೆ ಆಮೇಲೆ ಬೈ.

ಅಮ್ಮನಿಗೆ ಮರೆವು ಹೆಚ್ಚಾಗಿ ಈ ಆರೈಕೆ ಮನೆಗೆ ಸೇರಿಸಿದ ಮೇಲೆ ನೀನು ಬಂದದ್ದು ಒಂದೇ ಸಲ. ಅವತ್ತು ಅವಳು ನಿನ್ನ ಮುಖ ನೋಡಿ ಯಾರಮ್ಮ ನೀನು ಅಂದಳು. ನನ್ನನ್ನೇ ಮರೆತವಳ ಎದುರು ಕೂತು ಏನು ಮಾಡಲಿ ಎಂದು ನೀನು ಬರುವುದನ್ನೇ ಬಿಟ್ಟೆ. ಎಂಟು ತಿಂಗಳಾಯಿತು. ನಾನೂ ಹಟಕ್ಕೆ ಬಿದ್ದು ಕರೆಯಲಿಲ್ಲ.

ಇಲ್ಲಿ ಪ್ರತಿ ಬುಧವಾರ ಹನ್ನೊಂದಕ್ಕೆ ಹಾಡಿನ ತರಗತಿ. ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ದುಂಡಗೆ ಹಾಕುತ್ತಾರೆ. ಮಕ್ಕಳ ಹೆಸರೂ ಮರೆತವರು ಹಾಡಿನ ಎರಡನೇ ಸಾಲನ್ನು ತಾವೇ ಎತ್ತಿಕೊಳ್ಳುತ್ತಾರೆ. ಹೆಂಡತಿಯ ಗುರುತೇ ಹತ್ತದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು, ಹಾಡು ಹೇಳಿಕೊಡುವ ಟೀಚರ್ ತಾಳ ತಪ್ಪಿದರೆ ಕೋಲು ಕುಟ್ಟಿ ಗದರುತ್ತಾರೆ. ನಮ್ಮಮ್ಮ ಮಾತ್ರ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಟೀಚರ್ ಅವಳ ಇಷ್ಟದ ಹಾಡುಗಳ ಪಟ್ಟಿ ಕೇಳಿದ್ದಕ್ಕೆ ನಾನು ದೊಡ್ಡದಾಗಿ ಹನ್ನೆರಡು ಬರೆದುಕೊಟ್ಟಿದ್ದೆ. ಒಂದಕ್ಕೂ ಅವಳು ಕಣ್ಣು ತೆರೆಯಲಿಲ್ಲ. ಅವೆಲ್ಲ ನನ್ನ ಇಷ್ಟದ ಹಾಡುಗಳೆಂದು ಆಮೇಲೆ ಹೊಳೆಯಿತು.

ಇಡೀ ದಿನ ಅವಳದ್ದು ಒಂದೇ ಮಾತು. ಚಾಬಿ ಎಲ್ಲಿ, ಚಾಬಿ ಬಂತಾ. ಬೀರುವಿನ ಬೀಗದ ಕೈ ಕೇಳುತ್ತಿದ್ದಾಳೆಂದು ನರ್ಸುಗಳು ಹಳೇ ಕೀಗೊಂಚಲು ತಂದುಕೊಟ್ಟರು. ಅದನ್ನು ಕಿಟಕಿಯಾಚೆ ಎಸೆದಳು.

ಅಮ್ಮ ಹತ್ತಿರ ಬಂದವರ ತಲೆ ಸವರುವುದನ್ನು ಟೀಚರ್ ಗಮನಿಸಿದ್ದರಂತೆ. ಹೋದ ತಿಂಗಳು ಪಟ್ಟಿ ಪಕ್ಕಕ್ಕಿಟ್ಟು, ಅವಳ ಕೈಗೊಂದು ಬಾಚಣಿಗೆ ಕೊಟ್ಟು, ತಮ್ಮ ಜಡೆ ಬಿಚ್ಚಿ ಅವಳಿಗೆ ಬೆನ್ನು ಮಾಡಿ ಕೂತರು. ಅಮ್ಮ ಬಾಚುತ್ತಾ ಹಾಡಿಯೇಬಿಟ್ಟಳು ಅಕ್ಕಾ! ನಮ್ಮ ತಲೆ ಬಾಚುವಾಗ ತಾನೇ ಕಟ್ಟಿ ಹಾಡುತ್ತಿದ್ದಳಲ್ಲ, ಬಾಚಣಿಗೆ ಬಂತು ದಾರಿ ಬಿಡಿ, ಸಿಕ್ಕುಗಳೆಲ್ಲ ಓಡಿ ಓಡಿ ಅಂತ, ಅದೇ. ಆದರೆ ಈಗ ಹಾಡಿದ್ದು ಚಾಬಣಿಗೆ ಬಂತು ಅಂತ. ಟೀಚರ್ ಪಾಪ, ಬಾಚಣಿಗೆ ಅಲ್ವಾ ಅಜ್ಜಿ ಎಂದು ತಿದ್ದಿದರು. ಅಮ್ಮ ಅವರ ಜುಟ್ಟು ಹಿಡಿದು ಜಗ್ಗಿ, ನನ್ನ ಚಾಬಿ ಹಾಗೇ ಹೇಳೋದು, ತಿದ್ದೋಕೆ ನೀನ್ಯಾರು ಅಂದಳು.

ನಾನು ಅಲ್ಲೇ ಅತ್ತುಬಿಟ್ಟೆ. ನಾಲಿಗೆ ತಿರುಗದೆ ಬಾಚಣಿಗೆಗೆ ಚಾಬಣಿಗೆ ಅನ್ನುತ್ತಿದ್ದವಳು ನೀನು. ಅದಕ್ಕೇ ಅಮ್ಮ ನಿನ್ನನ್ನು ಚಾಬಿ ಎಂದು ಕರೆಯುತ್ತಿದ್ದಳು, ಶಾಲೆಗೆ ಸೇರಿದ ಮೇಲೆ ನೀನೇ ರಂಪ ಮಾಡಿ ಆ ಹೆಸರು ಬಿಡಿಸಿದೆ ಎಂದು ಅಪ್ಪ ಯಾವಾಗಲೋ ಹೇಳಿದ್ದರು. ನಾನು ಹುಟ್ಟುವ ಮುಂಚಿನ ಮಾತು, ನನಗೆ ಮರೆತೇ ಹೋಗಿತ್ತು. ಅವಳಿಗೆ ಮರೆತಿರಲಿಲ್ಲ. ಇಷ್ಟು ದಿನ ಅವಳು ಕೇಳುತ್ತಿದ್ದದ್ದು ನಿನ್ನನ್ನು.

ಬಾ ಅಕ್ಕಾ. ಮುಖ ಗುರುತು ಹಿಡಿಯುತ್ತಾಳೆಂದು ನಾನು ಮಾತು ಕೊಡಲಾರೆ. ಮುಖ ತೋರಿಸಲೇಬೇಡ. ಕೂದಲು ಬಿಚ್ಚಿ, ಬೆನ್ನು ಮಾಡಿ ಕೂತು, ಚಾಬಣಿಗೆ ಅನ್ನು, ಸಾಕು.

ಕಾಯುತ್ತಿರುವ,
ನಿನ್ನ ತಂಗಿ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಅವತ್ತಿನಿಂದ ಪ್ರತಿ ಬುಧವಾರ ಅವಳ ಮುಂದೆ ಕೂದಲು ಬಿಚ್ಚಿ ಕೂರುವವಳು ನಾನೇ. ಚಾಬೀ ಅನ್ನುತ್ತಾಳೆ, ಹೂಂ ಅಮ್ಮಾ ಅನ್ನುತ್ತೇನೆ. ನಿನಗೆ ತಿಳಿಸಲು ತಿಂಗಳು ತಡವಾದದ್ದು ಅದಕ್ಕೇ. ಇವತ್ತು ಜಡೆ ಹಾಕಿ ಮುಗಿಸಿ ನನ್ನ ಕಿವಿಯ ಹತ್ತಿರ ಬಗ್ಗಿ, ಹೋಗು ಚಾಬಿ, ನಿನ್ನ ತಂಗೀನ ಕರಕೊಂಡು ಬಾ, ಅವಳ ತಲೆ ಇನ್ನೂ ಬಾಚಿಲ್ಲ ಅಂದಳು.