ಅಮ್ಮನ ಕಲ್ಲಿಗೆ ಬಂದ ಚಿನ್ನದ ನೋಟು

ಸರೋವರದ ಬಡಗಣ ದಂಡೆ, ಐಡಹೋ
ಭಾನುವಾರ, 5 ಫೆಬ್ರವರಿ 2023

ಪ್ರೀತಿಯ ತಂಗಿ ಜನೆಲ್‌ಗೆ ಅಕ್ಕ ಆರ್ಡಿತ್ ಮಾಡುವ ಆಶೀರ್ವಾದ.

ಇವತ್ತು ತಿಂಗಳ ಮೊದಲ ಭಾನುವಾರ, ನಮ್ಮ ಚರ್ಚಿನ ಉಪವಾಸ. ನಿನ್ನೆ ಸಂಜೆಯಿಂದ ನೀರೂ ಮುಟ್ಟಿಲ್ಲ. ಬೆಳಿಗ್ಗೆ ಕೋಳಿಗಳ ನೀರಿನ ಮೇಲಿನ ಮಂಜುಗಡ್ಡೆ ಒಡೆದೆ, ಹಸು ಕರೆದೆ, ಒಲೆಯ ಬೂದಿ ತೆಗೆದೆ. ಏನಾದರೊಂದು ಬೇಡಿಕೆ ಇಟ್ಟೇ ಉಪವಾಸ ಹಿಡಿಯುವುದು ನಮ್ಮಲ್ಲಿ ವಾಡಿಕೆ ತಾನೆ. ಡಿಸೆಂಬರಿನಲ್ಲೂ ಜನವರಿಯಲ್ಲೂ ನಾನು ಬೇಡಿದ್ದು ಒಂದೇ: ನಿಮ್ಮ ಯೂಟಾದ ಹಾಗೆ ನಮ್ಮ ರಾಜ್ಯದಲ್ಲೂ ಚಿನ್ನದ ತಗಡಿನ ನೋಟು ನಡೆಯಲಿ. ಇವತ್ತು ಮಂಡಿಯೂರಿದರೆ ಆ ಮಾತು ಬಾಯಿಗೆ ಬರಲಿಲ್ಲ, ನಿನ್ನ ಹೆಸರು ಬಂತು. ಹೊಟ್ಟೆ ಖಾಲಿ ಇರುವಾಗಲೇ ಬರೆದುಬಿಡುತ್ತೇನೆ. ಉಂಡ ಮೇಲೆ ನನಗೆ ಜಂಭ ಬರುತ್ತದೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಅಮ್ಮನ ರಾಸ್ಪ್‌ಬೆರಿ ಗಿಡಗಳನ್ನು ಬೇರುಸಮೇತ ಇಬ್ಬರೂ ಹಂಚಿಕೊಂಡೆವು. ಹಣ್ಣು ಒಂದೇ, ಜಾಮ್ ಒಂದೇ, ಸರೋವರವೂ ಒಂದೇ. ನೀನು ಮದುವೆಯಾಗಿ ಹತ್ತು ಮೈಲಿ ತೆಂಕಣಕ್ಕೆ, ಯೂಟಾದ ಗಡಿಯೊಳಕ್ಕೆ ಹೋದೆ, ಅಷ್ಟೆ. ಅಲ್ಲಿ ಜಾಮ್ ಕೊಂಡವರು ನಿನಗೆ ಚಿನ್ನ ಕೊಡುತ್ತಾರೆ, ಇಲ್ಲಿ ನನಗೆ ಸವೆದ ಡಾಲರು. ಕಳೆದ ಬೇಸಿಗೆ ನಿನ್ನ ಅಂಗಡಿಯಲ್ಲಿ ನಿಂತಿದ್ದಾಗ ಒಬ್ಬಳು ಹಳದಿ ಮಿನುಗುವ ನೋಟು ಕೊಟ್ಟಳು. ನೀನು ಅದನ್ನು ನೋಡದೆಯೇ ಏಪ್ರನ್ ಜೇಬಿಗೆ ತುರುಕಿಕೊಂಡೆ. ಆ ನೋಡದೇ ಇದ್ದದ್ದು ನನ್ನನ್ನು ಸುಟ್ಟಿತು.

ಹೋದ ವಾರ ಶಾಸಕ ವೆಂಡೆಲ್ ಹ್ಯಾಚ್ ನಮ್ಮೂರ ಶಾಲೆಯಲ್ಲಿ ಚಿನ್ನದ ನೋಟಿನ ಮಸೂದೆ ಬಗ್ಗೆ ಸಭೆ ಕರೆದಾಗ ನಾನು ಮೂರು ಹಾಳೆ ಬರೆದುಕೊಂಡು ಬಂದಿದ್ದೆ, ನಿನಗೆ ಗೊತ್ತಿಲ್ಲ. ಅದರಲ್ಲಿದ್ದದ್ದು ಅಮ್ಮನ ಕಥೆ. ಮೂವತ್ತು ವರ್ಷದ ಹಿಂದೆ ತನ್ನ ಗೋರಿಕಲ್ಲಿಗೆ ಅಂತ ಲಕೋಟೆಯಲ್ಲಿ ದುಡ್ಡು ಎತ್ತಿಟ್ಟಳಲ್ಲ. ಯಾರೂ ಕದಿಯಲಿಲ್ಲ, ಇಲಿ ತಿನ್ನಲಿಲ್ಲ, ಒಂದು ನೋಟೂ ಕಡಿಮೆಯಾಗಲಿಲ್ಲ. ಆದರೂ ಅವಳು ತೀರಿಕೊಂಡಾಗ ಆ ದುಡ್ಡಿಗೆ ಬರೀ ಕಲ್ಲು ಬಂತು, ಹೆಸರು ಕೆತ್ತಿಸಲು ಏನೂ ಉಳಿಯಲಿಲ್ಲ. ಅದು ಚಿನ್ನವಾಗಿದ್ದರೆ ಹೆಸರೂ ಬರುತ್ತಿತ್ತು, ಸುತ್ತ ಒಂದು ಹೂಬಳ್ಳಿಯೂ ಬರುತ್ತಿತ್ತು. ಚಿನ್ನದ ನಾಣ್ಯಕ್ಕೆ ಬೆಲೆ ಬಹಳ, ಹಿಡಿದು ಹೋದರೆ ಚಿಲ್ಲರೆ ಸಿಗದೆ ಒಂದು ಬ್ರೆಡ್ಡೂ ಕೊಳ್ಳಲಾಗುವುದಿಲ್ಲ. ಸಾಸಿವೆಗಿಂತ ಕಡಿಮೆ ಚಿನ್ನವನ್ನು ತಗಡು ಮಾಡಿ ನೋಟಿನೊಳಗೆ ಹಾಕಿದರೆ ಬಡವಳೂ ಕೂಡಿಡಬಹುದು, ಬೇಕಾದ ದಿನ ಖರ್ಚೂ ಮಾಡಬಹುದು. ರಾಜ್ಯವೇ ಒಪ್ಪಿಕೊಂಡರೆ ಅಂಗಡಿಯವನು ಹಿಂದೆಮುಂದೆ ನೋಡುವುದಿಲ್ಲ. ನೋಟಿಗೆ ಒಳಗಿನ ಚಿನ್ನಕ್ಕಿಂತ ಬೆಲೆ ಜಾಸ್ತಿ ಅನ್ನುವುದೂ ನಿಜ. ಅದನ್ನೂ ಮುಚ್ಚಿಡದೆ ಬರೆದಿದ್ದೆ.

ಆದರೆ ವೆಂಡೆಲ್ ಮೊದಲು ಕರೆದದ್ದು ನಿನ್ನನ್ನು. ನೀನು ಹಸಿರು ಕೋಟಿನಲ್ಲಿ ನಗುತ್ತಾ ನಿಂತು ನೋಟನ್ನು ಕೈಯಿಂದ ಕೈಗೆ ದಾಟಿಸಿದೆ, ಜನ ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದ ನೆರೆಮನೆ ಡೋರಿನ್, ಅಯ್ಯೋ ಆರ್ಡಿತ್, ನಿಮ್ಮಮ್ಮ ಜಾಣತನಾನೆಲ್ಲ ಚಿಕ್ಕೋಳಿಗೇ ಬಡಿಸಿ, ನಿನಗೆ ಪಾತ್ರೆ ತೊಳೆಯೋಕೆ ಬಿಟ್ಳಾ ಅಂತ ನನ್ನ ಕಿವಿಯಲ್ಲಿ ಊದಿದಳು. ನಾನು ಎದ್ದೆ. ಹಾಳೆಗಳು ಕುರ್ಚಿಯ ಮೇಲೇ ಉಳಿದವು. ಚಿನ್ನ ಚಿನ್ನ ಅಂತೀಯಲ್ಲೇ, ಹೆತ್ತಮ್ಮನ ಕಲ್ಲಿಗೆ ನಿನ್ನ ಕೈಯಿಂದ ಒಂದು ಚೂರಾದ್ರೂ ಬಿತ್ತೇನೇ ಅಂತ ಕೇಳಿದೆ. ಎಲ್ಲರೂ ನಿನ್ನ ಕಡೆ ತಿರುಗಿದರು. ನೀನು ನನ್ನನ್ನೇ ನೋಡಿದೆ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಯಾರೋ, ಇದು ನಿಜಾನಾ ಅಂತ ಗೊಣಗಿದಾಗ ನಿನ್ನ ಭಾವ ಎದ್ದು ನಿಂತರು. ಇವಳ ಜೊತೆ ಇಪ್ಪತ್ತೆಂಟು ವರ್ಷ ಬಾಳಿದೀನಿ ಸ್ವಾಮಿ, ಇವಳ ನಾಲಿಗೆ ಒರಟು, ಆದ್ರೆ ಸುಳ್ಳಾಡೋಳಲ್ಲ ಅಂದರು.

ನೀನು ಕಳೆದ ಮೇ ತಿಂಗಳಲ್ಲೇ, ಹೆಸರು ಕೆತ್ತಿಸು ಅಂತ, ಕರವಸ್ತ್ರದಲ್ಲಿ ಚಿನ್ನದ ನೋಟು ಕಟ್ಟಿ ಕಳಿಸಿದ್ದೆ. ನಾನು ಒಯ್ದೆ. ಕಲ್ಲುಕುಟಿಗ ತಿರುಗಿಸಿ ಮುರುಗಿಸಿ ನೋಡಿ, ಗಡಿ ಆಚೆ ಇದು ದುಡ್ಡು ತಾಯೀ, ಈಚೆ ಬರೀ ಚೆಂದದ ಚಿತ್ರ ಅಂತ ವಾಪಸ್ ಕೊಟ್ಟ. ಮೊಟ್ಟೆ ಮಾರಿದ ನನ್ನ ಡಾಲರು ಕೊಟ್ಟು ಕೆತ್ತಿಸಿದೆ. ನಾನು ಹತ್ತು ಮೈಲಿ ಬಂದಿದ್ದರೆ ನೀನೇ ಅದನ್ನು ಡಾಲರಿಗೆ ಬದಲಾಯಿಸಿ ಕೊಡುತ್ತಿದ್ದೆ. ಬರಲಿಲ್ಲ. ನೋಟನ್ನೂ ಹಿಂದಿರುಗಿಸಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ಅಮ್ಮನ ಹೆಸರು ನನ್ನೊಬ್ಬಳ ದುಡ್ಡಿನದು ಅಂತ ಹೇಳಿಕೊಳ್ಳುತ್ತಿದ್ದೆ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು.

ಮೊನ್ನೆ ವೆಂಡೆಲ್ ಫೋನ್ ಮಾಡಿದ್ದರು. ಅಕ್ಕತಂಗೀರ ಜಗಳ ಹೊತ್ಕೊಂಡು ರಾಜಧಾನಿಗೆ ಹೋದ್ರೆ ನನ್ನ ನೋಡಿ ನಗ್ತಾರಮ್ಮ, ಗುರುವಾರದೊಳಗೆ ಇಬ್ರೂ ಒಟ್ಟಿಗೆ ಬಂದು ಅಲ್ಲಿ ಮಾತಾಡ್ತೀವಿ ಅಂದ್ರೆ ಸರಿ, ಇಲ್ದಿದ್ರೆ ಈ ಮಸೂದೆ ಇಲ್ಲಿಗೇ ಬಿಟ್ಟೆ ಅಂದರು. ನಾನು ಬರುತ್ತೇನೆ ಜನೆಲ್. ನಿನ್ನ ಪಕ್ಕ ನಿಂತು, ಮಗಳು ತಾಯಿಯ ಹೆಸರಿಗೆಂದು ಕೊಟ್ಟ ಚಿನ್ನವನ್ನು ನಮ್ಮ ರಾಜ್ಯ ಚಿತ್ರವೆಂದು ವಾಪಸ್ ಕಳಿಸಿತು ಅಂತ ಹೇಳುತ್ತೇನೆ. ನನ್ನ ಮೂರು ಹಾಳೆಗಿಂತ ದೊಡ್ಡ ವಾದ ಅದು. ನಾನು ಸುಳ್ಳು ಹೇಳಿದ್ದನ್ನೂ ಅಲ್ಲೇ ಹೇಳುತ್ತೇನೆ. ಹೊಟ್ಟೆಕಿಚ್ಚು ಹೋಯಿತು ಅಂತ ಬರೆದರೆ ಅದು ಇನ್ನೊಂದು ಸುಳ್ಳು. ಆ ಹಸಿರು ಕೋಟು ಮಾತ್ರ ಹಾಕಿಕೊಂಡು ಬರಬೇಡ.

ನಿನ್ನ ಅಕ್ಕ,
ಆರ್ಡಿತ್

ತಾ.ಕ.: ಇದು ಮಂಗಳವಾರ ನಿನ್ನ ಕೈ ಸೇರುತ್ತದೆ. ಉತ್ತರ ಅಂಚೆಗೆ ಹಾಕಿದರೆ ಗುರುವಾರದೊಳಗೆ ಬರುತ್ತದೆಂಬ ನಂಬಿಕೆ ಇಲ್ಲ. ಬುಧವಾರ ಮೇವಿಗೆಂದು ನಿನ್ನ ಭಾವ ಆ ಕಡೆ ಬರುತ್ತಾರೆ. ನೀನು ನೋಟು ಕಳಿಸಿದ್ದು, ನಾನು ಸುಳ್ಳಾಡಿದ್ದು, ಅವರಿಗೆ ಇದೊಂದೂ ಗೊತ್ತಿಲ್ಲ. ಇವತ್ತು ಚರ್ಚಿಗೆ ಹೋಗುವಾಗ ಹೇಳಲು ಬಾಯಿ ತೆರೆದು, ಚಳಿ ಜಾಸ್ತಿ ಅಂದುಬಿಟ್ಟೆ. ನೀನು ನಡೆದದ್ದನ್ನೆಲ್ಲ ಬರೆದು, ಲಕೋಟೆ ಅಂಟಿಸದೆ ಅವರ ಕೈಗೆ ಕೊಡು. ದಾರಿಯಲ್ಲಿ ಓದಿಕೊಂಡೇ ತರಲು ಹೇಳು.